ಉಸುಕಿನ ಮೇಲೆ ತಿದ್ದಿದ ಅಕ್ಷರ

ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ನಮ್ಮ ಸೀಮೆಯ ಇತಿಹಾಸದ ಮೇಲೆ ಏನಾದರೂ ಬರೆದುಕೊಡಿ ಸಾರ್ ಎಂದು ಕೇಳಿದರು. ಕೋಟೆ, ಕಾಳಗ, ಪಾಳೆಯಗಾರರ ವಿಷಯ ಬರೆಯುವವರು ಬೇರೆ ಇದ್ದಾರೆ. ಮೂವತ್ತು ವರ್ಷ ಸಾಲಿ ಮೇಷ್ಟ್ರಾಗಿದ್ದ ನನಗೆ ಗೊತ್ತಿರುವುದು ಹಲಿಗೆ, ಬಳಪ, ಮಗ್ಗಿ ಇಷ್ಟೇ. ಹಾಗಾಗಿ ಅದನ್ನೇ ಬರೆಯುತ್ತೇನೆ. ಇನ್ನೂರು ವರ್ಷದ ಹಿಂದೆ ನಮ್ಮ ಆಲೂರು, ಆದೋನಿ ಕಡೆಯ ಮಕ್ಕಳು ಹೇಗೆ ಕಲಿಯುತ್ತಿದ್ದರು, ಆ ಅಭ್ಯಾಸದಲ್ಲಿ ಏನು ಗಟ್ಟಿ ಇತ್ತು, ಏನು ಜೊಳ್ಳು ಇತ್ತು ಅನ್ನೋದು ನನ್ನ ವಿಷಯ.

ಮೊದಲು ನಮ್ಮ ತಾತನ ಮಾತು. ತಾತ ಓದಿದ್ದು ಐನೋರ ಸಾಲಿಯಲ್ಲಿ. ಕಟ್ಟಡ ಅಂತ ಏನೂ ಇಲ್ಲ, ಗುಡಿಯ ಪಡಸಾಲೆ. ನೆಲದ ಮೇಲೆ ಹಳ್ಳದ ಉಸುಕು ಹರವಿ, ಅದರ ಮೇಲೆ ತೋರುಬೆರಳಿಂದ 'ಅ' ಬರೆಯೋದು, ಅಂಗೈಯಿಂದ ಅಳಿಸೋದು, ಮತ್ತೆ ಬರೆಯೋದು. "ಬೆರಳ ತುದಿ ಉರಿ ಹತ್ತಿದ ಮೇಲೇನೇ ಅಕ್ಷರ ಬರ್ತಿತ್ತು ಕಣಪ್ಪಾ" ಅನ್ನುತ್ತಿದ್ದ. ಇದಕ್ಕೆ ನಮ್ಮಲ್ಲಿ 'ತಿದ್ದೋದು' ಎಂದು ಹೆಸರು. ಐನೋರು ಬರೆದುಕೊಟ್ಟ ಅಕ್ಷರದ ಮೇಲೇ ಬೆರಳು ಆಡಿಸಿದರೂ ತಿದ್ದೋದು, ತಪ್ಪನ್ನು ಸರಿ ಮಾಡಿದರೂ ತಿದ್ದೋದು. ಎರಡಕ್ಕೂ ಒಂದೇ ಮಾತು ಯಾಕೆ ಬಂತೋ ನಮ್ಮ ಹಿರಿಯರಿಗೇ ಗೊತ್ತು. ನನಗಂತೂ ಈ ಬರಹವೆಲ್ಲ ಆ ಒಂದು ಮಾತಿನ ಸುತ್ತ ತಿರುಗುವಂಗೆ ಕಾಣುತ್ತದೆ.

ಈಗ ದಾಖಲೆಯ ವಿಷಯ. 1800ರಲ್ಲಿ ಹೈದರಾಬಾದ್ ನಿಜಾಮರು ಬಳ್ಳಾರಿ, ಕಡಪಾ ಕಡೆಯ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆದೋನಿ, ಆಲೂರು ಅದರಲ್ಲಿ ಸೇರಿದ್ದವು. ದತ್ತಮಂಡಲ ಅನ್ನುತ್ತಿದ್ದರು. ಮುಂದೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವ ತನಕ ನಾವು ಬಳ್ಳಾರಿ ಜಿಲ್ಲೆಯವರೇ. ಆಮೇಲೆ ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಆದ್ದರಿಂದ ಹಳೇ ಕಾಗದದಲ್ಲಿ 'ಬಳ್ಳಾರಿ ಜಿಲ್ಲೆ' ಎಂದು ಕಂಡರೆ ಅದು ನಮ್ಮದೂ ಹೌದು ಎಂದು ಹುಡುಗರು ನೆನಪಿಡಬೇಕು. ಈಗಿನ ಮಕ್ಕಳಿಗೆ ಇದು ಹೇಳಿದರೆ ನಂಬೋದಿಲ್ಲ.

ದತ್ತಮಂಡಲಕ್ಕೆ ಮೊದಲು ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಏಳು ವರ್ಷ ಇಲ್ಲೇ ತಿರುಗಾಡಿ ಹೊಲ ಅಳೆಸಿದ. ಆಮೇಲೆ ಮದ್ರಾಸಿನ ಗವರ್ನರ್ ಆದ. 1827ರ ಜುಲೈ ತಿಂಗಳಲ್ಲಿ ಸತ್ತಿದ್ದೂ ನಮ್ಮ ಪಕ್ಕದ ಪತ್ತಿಕೊಂಡದಲ್ಲೇ, ಕಾಲರಾ ಬಂದು. ಇದೇ ಮನ್ರೋ 1822ರ ಜೂನ್‌ನಲ್ಲಿ ಎಲ್ಲಾ ಕಲೆಕ್ಟರುಗಳಿಗೂ ಒಂದು ಹುಕುಂ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಸಾಲಿಗಳು ಎಷ್ಟು, ಮಕ್ಕಳು ಎಷ್ಟು, ಯಾವ ಜಾತಿಯವರು, ಏನು ಓದುತ್ತಾರೆ, ಬರೆದು ಕಳಿಸಿ ಅಂತ. ಕೆಲವರು ಬರೀ ಅಂಕಿ ತುಂಬಿ ಕಳಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ಉದ್ದನೆಯ ವರದಿ ಬರೆದ. ಅವನು ತೆಲುಗು ಕಲಿತು, 1816ರಲ್ಲೇ ತೆಲುಗು ವ್ಯಾಕರಣ ಬರೆದು ಅಚ್ಚು ಹಾಕಿಸಿದ್ದವನು. ಪರಭಾಷೆ ಕಲಿತ ಕಷ್ಟ ಅವನಿಗೂ ಗೊತ್ತಿತ್ತು. ಅದಕ್ಕೇ ಏನೋ, ಮಕ್ಕಳು ಹೆಂಗೆ ಕೂತು ಹೆಂಗೆ ಬರೆಯುತ್ತಾರೆ ಅನ್ನೋದನ್ನು ಕಣ್ಣಿಟ್ಟು ನೋಡಿದ್ದಾನೆ. ಈ ಕಾಗದಗಳನ್ನೆಲ್ಲ ಧರ್ಮಪಾಲ್ ಎಂಬ ವಿದ್ವಾಂಸರು ಹುಡುಕಿ ತೆಗೆದು 1983ರಲ್ಲಿ ಪುಸ್ತಕ ಮಾಡಿದರು. ನನ್ನ ಕೈಗೆ ಅದು ಸಿಕ್ಕಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ. ಓದುತ್ತಾ ಓದುತ್ತಾ ನಮ್ಮ ತಾತನೇ ಎದುರಿಗೆ ಕೂತು ಹೇಳಿದಂಗಾಯಿತು.

ಅಂಕಿ ಮೊದಲು ಹೇಳಿ ಮುಗಿಸುತ್ತೇನೆ. ಜಿಲ್ಲೆಯ ಜನ 9,27,857. ಸಾಲಿಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಓದುವ ಮಕ್ಕಳು ಒಟ್ಟು 6,641. ಅಂದರೆ ಒಂದು ಸಾಲಿಗೆ ಹನ್ನೆರಡು ಮಕ್ಕಳು, ಸಾವಿರ ಜನಕ್ಕೆ ಸುಮಾರು ಏಳು ಮಕ್ಕಳು. ಬ್ರಾಹ್ಮಣರ ಹುಡುಗರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಮುಸಲ್ಮಾನರು 243. ಹೆಣ್ಣುಮಕ್ಕಳು ಎಷ್ಟು ಗೊತ್ತಾ? ಅರವತ್ತು. ಇಡೀ ಜಿಲ್ಲೆಗೆ ಅರವತ್ತು! ಹಳೇ ಕಾಲ ಚಿನ್ನದ ಕಾಲ ಅನ್ನುವವರು ಈ ಒಂದು ಅಂಕಿಯನ್ನು ಬಾಯಿಪಾಠ ಮಾಡಬೇಕು.

ಸಾಲಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ಮೊದಲು ಬಂದವನ ಅಂಗೈ ಮೇಲೆ 'ಸರಸ್ವತಿ' ಎಂದು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಿಂಗೇ ಏರುತ್ತಾ ಹೋಗೋದು. ಹನ್ನೆರಡನೆಯವನ ಗತಿ ನೀವೇ ಲೆಕ್ಕ ಹಾಕಿ! ಸೋಮಾರಿಗಳಿಗೆ ಬಸ್ಕಿ. ಕೂತು ಎದ್ದು, ಕೂತು ಎದ್ದು. ಸಾಹೇಬ ಇದನ್ನು ನೋಡಿ, ನೋವಿನ ಶಿಕ್ಷೆಯೇ ಆದರೂ ಮೈಗೆ ಒಳ್ಳೇದಿರಬಹುದು ಎಂಬ ಅರ್ಥ ಬರುವಂಗೆ ಬರೆದಿದ್ದಾನೆ. ಗರಡಿಮನೆ ಪೈಲ್ವಾನರು ಒಪ್ಪಬಹುದು. ಕೈಗೆ ಹಗ್ಗ ಕಟ್ಟಿ ತೊಲೆಗೆ ತೂಗುಹಾಕುವುದೂ ಇತ್ತು. ಅದನ್ನು ಯಾರೂ ಒಪ್ಪೋದು ಬೇಡ.

ಮುಖ್ಯ ವಿಷಯ ಅಕ್ಷರಾಭ್ಯಾಸ. ಯುರೋಪಿನ ಮಕ್ಕಳು ಅಕ್ಷರವನ್ನು ಮೊದಲು ಬಾಯಲ್ಲಿ ಹೇಳಿ ಕಲಿಯುತ್ತಾರೆ, ಇಲ್ಲಿನ ಮಕ್ಕಳು ಮೊದಲಿಗೇ ಉಸುಕಿನಲ್ಲಿ ಬೆರಳಿಂದ ಬರೆದು ಕಲಿಯುತ್ತಾರೆ ಎಂದು ಕ್ಯಾಂಪ್‌ಬೆಲ್ ಗುರುತಿಸಿದ್ದಾನೆ. ಬೆರಳು ಪಳಗಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಟ, ಇಲ್ಲವೇ ಕಾಗದದ ಮೇಲೆ ಜೊಂಡಿನ ಲೆಕ್ಕಣಿಕೆ, ಇಲ್ಲವೇ ಹಲಿಗೆ, ಕಡತ. ಹಲಿಗೆ ಅಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆ. ಅದನ್ನು ನುಣ್ಣಗೆ ಮಾಡಿ ಅನ್ನ ಮತ್ತು ಇದ್ದಿಲ ಪುಡಿ ಬಳಿಯುತ್ತಿದ್ದರು. ಕಡತ ಅಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂಗೆ ಮಡಿಸಿ, ಮೇಲೆ ಇದ್ದಿಲು, ಅಂಟು ಬಳಿದದ್ದು. ಬರೆಯುವುದು ಬಳಪದಲ್ಲಿ, ಅಳಿಸುವುದು ಒದ್ದೆ ಬಟ್ಟೆಯಲ್ಲಿ. ಈಗ ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಆ ಮಾತು ಈ ಕಪ್ಪು ಬಟ್ಟೆಯಿಂದಲೇ ಬಂದದ್ದು. ಆ ಕಡತ ಒದ್ದೆ ಬಟ್ಟೆಗೆ ಅಳಿಸುತ್ತಿತ್ತು, ಈ ಕಡತ ಏನು ಮಾಡಿದರೂ ಮುಗಿಯೋದಿಲ್ಲ.

ಅಕ್ಷರ ಆಯಿತು, ಆಮೇಲೆ ಕಾಗುಣಿತ, ಒತ್ತಕ್ಷರ. ಆಮೇಲೆ ಮನುಷ್ಯರ ಹೆಸರು, ಊರ ಹೆಸರು, ದನಕರುಗಳ ಹೆಸರು. ಆಮೇಲೆ ಲೆಕ್ಕ. ಲೆಕ್ಕದಲ್ಲಿ ಭಿನ್ನರಾಶಿಗೆ ಬಲು ಶ್ರಮ ಪಡುತ್ತಿದ್ದರು. ನಮ್ಮ ಹಿರಿಯರ ಭಿನ್ನರಾಶಿ ಹತ್ತರ ಮೇಲೆ ಇಳಿಯುತ್ತಿರಲಿಲ್ಲ, ನಾಲ್ಕರ ಮೇಲೆ ಇಳಿಯುತ್ತಿತ್ತು. ಒಂದರ ನಾಲ್ಕನೇ ಪಾಲು ಕಾಲು, ಕಾಲಿನ ನಾಲ್ಕನೇ ಪಾಲು ವೀಸ, ವೀಸದ ನಾಲ್ಕನೇ ಪಾಲು ಕಾಣಿ. ಅಂದರೆ ವೀಸ ಹದಿನಾರರಲ್ಲಿ ಒಂದು, ಕಾಣಿ ಅರವತ್ತನಾಲ್ಕರಲ್ಲಿ ಒಂದು. ದಿನಕ್ಕೆ ಎರಡು ಸಲ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೊಡ್ಡ ಹುಡುಗನೊಬ್ಬ ಹೇಳಿಕೊಡೋದು, ಉಳಿದವರು ಹಿಂದೆ ಹೇಳೋದು. ಈ ವೀಸದ ಮಾತು ನೆನಪಿರಲಿ, ಆಮೇಲೆ ಬರುತ್ತದೆ.

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವುದನ್ನು ಕ್ಯಾಂಪ್‌ಬೆಲ್ ಬಹಳ ಮೆಚ್ಚಿದ್ದಾನೆ. ಚಿಕ್ಕವನಿಗೆ ಪಾಠವೂ ಆಯಿತು, ದೊಡ್ಡವನದು ಗಟ್ಟಿಯೂ ಆಯಿತು. ಇಂಗ್ಲೆಂಡಿನವರು ಇದನ್ನು ನೋಡಿ ನಕಲು ಮಾಡಿದ್ದು ಸರಿಯಾಗೇ ಇದೆ ಅನ್ನುತ್ತಾನೆ. ಅದೂ ನಿಜವೇ. ಮದ್ರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಸಾಲಿಯಲ್ಲಿ ಮಕ್ಕಳು ಉಸುಕಿನಲ್ಲಿ ಬರೆಯುವುದನ್ನು ನೋಡಿ, ತನ್ನ ಶಾಲೆಯಲ್ಲೂ ಹಾಗೇ ಮಾಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ತಂದ. ಆಮೇಲೆ ಅಲ್ಲಿನ ಬಡಮಕ್ಕಳ ಶಾಲೆಗಳಲ್ಲಿ 'ಮದ್ರಾಸ್ ಪದ್ಧತಿ' ಎಂದು ಅದೇ ನಡೆಯಿತು. ನಮ್ಮ ಪಡಸಾಲೆಯ ಉಸುಕು ಸಮುದ್ರ ದಾಟಿ ಹೋಯಿತು ಅನ್ನಿ.

ಇಷ್ಟು ಹೊಗಳಿದವನು ಒಂದು ಕಡೆ ಗಟ್ಟಿಯಾಗಿ ಬೈದಿದ್ದಾನೆ. ಓದುವ ಪುಸ್ತಕಗಳೆಲ್ಲ ಪದ್ಯ. ರಾಮಾಯಣ, ಭಾರತ, ಭಾಗವತ, ಪಂಚತಂತ್ರ. ಲಿಂಗಾಯತರ ಮಕ್ಕಳಿಗೆ ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣ. ಆ ಪದ್ಯದ ಭಾಷೆ ಬೇರೆ, ಮನೆಯಲ್ಲಿ ಆಡುವ ಭಾಷೆ ಬೇರೆ. ಮಕ್ಕಳು ಉಚ್ಚಾರದ ಮೇಲೆ ಗಮನ ಇಡುತ್ತಾರೆ, ಅರ್ಥದ ಮೇಲೆ ಇಡೋದಿಲ್ಲ. ಎಷ್ಟೋ ಐನೋರಿಗೇ ಅರ್ಥ ಬರೋದಿಲ್ಲ. ಹುಡುಗನಿಗೆ ನೂರಾರು ಪದ್ಯ ಬಾಯಿಗೆ ಬರುತ್ತದೆ, ಅದರ ಅರ್ಥ ಗಿಳಿಗೆ ಎಷ್ಟು ಗೊತ್ತೋ ಇವನಿಗೂ ಅಷ್ಟೇ ಎಂಬುದು ಅವನ ದೂರು. ನಾವು ಗಿಳಿಪಾಠ ಅನ್ನೋದಿಲ್ಲವೇ, ಸಾಹೇಬನಿಗೂ ಅದೇ ಹಕ್ಕಿ ಕಂಡಿದೆ.

ಇದು ಪೂರ್ತಿ ನ್ಯಾಯವಾದ ಮಾತೇ ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮೂರುಗಳಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಹುಡುಗನಿಗೆ ಬೆಳಿಗ್ಗೆ ಬಾಯಿಪಾಠವಾದ ಪದ್ಯಕ್ಕೆ ರಾತ್ರಿ ಗುಡಿಯಲ್ಲಿ ಅರ್ಥ ಸಿಗುತ್ತಿತ್ತು, ಇವತ್ತಲ್ಲದಿದ್ದರೆ ಹತ್ತು ವರ್ಷಕ್ಕೆ. ಕಲೆಕ್ಟರ್ ಸಾಹೇಬ ರಾತ್ರಿ ಹೊತ್ತು ಗುಡಿಗೆ ಬಂದು ಕೂತಿರಲಿಕ್ಕಿಲ್ಲ. ಆದರೂ ಅವನ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ ಐತೆ. 'ಹಾಡ್ತಾ ಹಾಡ್ತಾ ರಾಗ' ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಗಾದೆಯನ್ನು ನಂಬಿದವನೇ. ಆದರೆ ವಿಜಯದಾಸರು 1755ರಲ್ಲಿ ಕಣ್ಣುಮುಚ್ಚಿದ ಚಿಪ್ಪಗಿರಿ ನಮ್ಮ ಪಕ್ಕದ್ದೇ, ಈ ಕಡೆ ಭಜನೆ ಇಲ್ಲದ ಊರಿಲ್ಲ. ನಲವತ್ತು ವರ್ಷದಿಂದ ಪ್ರತಿ ಶನಿವಾರ ಹಾಡುತ್ತಾ ಅದೇ ಜಾಗದಲ್ಲಿ ಅದೇ ಅಪಸ್ವರ ಹಿಡಿಯುವವರನ್ನು ನಾನು ಕಂಡಿದ್ದೇನೆ. (ಅವರಲ್ಲಿ ನಾನೂ ಒಬ್ಬ ಎಂದು ನಮ್ಮ ಮನೆಯವರು ಹೇಳುತ್ತಾರೆ.) ಹಾಡುತ್ತಾ ಇದ್ದರೆ ಸಾಲದು, ಎಲ್ಲಿ ತಪ್ಪಿತು ಎಂದು ಕಿವಿ ಕೊಡಬೇಕು, ಆ ಒಂದು ಸಾಲನ್ನೇ ಹಿಡಿದು ತಿದ್ದಬೇಕು. ಉಸುಕಿನ ಮೇಲೆ ಬರೆಯುವ ಹುಡುಗನಿಗೆ ಇದು ತಾನಾಗೇ ಆಗುತ್ತಿತ್ತು. ಐನೋರ ಅಕ್ಷರ ಪಕ್ಕದಲ್ಲೇ ಕಾಣುತ್ತಿತ್ತು, ತನ್ನದು ಸೊಟ್ಟ ಎಂದು ಗೊತ್ತಾಗುತ್ತಿತ್ತು, ಅಳಿಸಲಿಕ್ಕೆ ಖರ್ಚಿಲ್ಲ.

ಆ ಸಾಲಿಗಳಲ್ಲಿ ಇನ್ನೊಂದು ಅಭ್ಯಾಸ ಇತ್ತು. ಕ್ಯಾಂಪ್‌ಬೆಲ್ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ, ನನಗೆ ಮಾತ್ರ ಅಲ್ಲೇ ಕಣ್ಣು ನಿಂತಿತು. ಐನೋರು ಅಲ್ಲಿ ಇಲ್ಲಿ ಬೇರೆ ಬೇರೆ ಜನರ ಕೈಬರಹದ ಕಾಗದ ಕೂಡಿಸಿ ಇಟ್ಟುಕೊಳ್ಳುತ್ತಿದ್ದರು. ಸರ್ಕಾರಿ ಕಾಗದ, ಮನೆ ಕಾಗದ, ಅಂದವಾದದ್ದು, ಕಾಗೆ ಕಾಲಿನಂತದ್ದು, ಎಲ್ಲ. ಮಕ್ಕಳು ಅದನ್ನು ಬಿಡಿಸಿ ಓದಬೇಕು. ಆಮೇಲೆ ಕರಾರು ಪತ್ರ ಬರೆಯುವುದು ಕಲಿಯಬೇಕು. ಇದರಲ್ಲಿ ಗಿಳಿಪಾಠ ನಡೆಯೋದಿಲ್ಲ. ಪ್ರತಿ ಕಾಗದವೂ ಹೊಸದು.

ಈಗ ನನ್ನ ತಪ್ಪಿನ ಕತೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕನ್ನಡ ಮೀಡಿಯಂ ಐದನೇ ಕ್ಲಾಸಿನ ಮಕ್ಕಳಿಗೆ ದಿನಾ ಕಾಪಿ ಬರೆಸುತ್ತಿದ್ದೆ. ತಪ್ಪು ಬರೆದರೆ ಹತ್ತು ಸಲ, ಇನ್ನೂ ತಪ್ಪಿದರೆ ಇಪ್ಪತ್ತು ಸಲ. ಒಬ್ಬ ಹುಡುಗನ ಅಕ್ಷರ ಮುತ್ತು ಪೋಣಿಸಿದಂಗೆ. ಇನ್‌ಸ್ಪೆಕ್ಟರ್ ಬಂದಾಗ ಅವನ ಪುಸ್ತಕವನ್ನೇ ಮೇಲೆ ಇಡುತ್ತಿದ್ದೆ. ಒಂದಿನ ಸಿರುಗುಪ್ಪದಿಂದ ನಮ್ಮ ಮಾವ ಬರೆದ ಕಾಗದ ಬಂತು, ಸುಮ್ಮನೆ ಅವನ ಕೈಗೆ ಕೊಟ್ಟು ಓದಪ್ಪಾ ಅಂದೆ. ಎರಡು ಸಾಲು ಓದಲಿಕ್ಕೆ ಆಗಲಿಲ್ಲ ಅವನಿಗೆ. 'ಕ್ಷೇಮ' ಅನ್ನೋದನ್ನು ನೋಡಿ ಇದು ನಮ್ಮ ಪಾಠದಾಗೆ ಬಂದಿಲ್ಲ ಸಾರ್ ಅಂದ. ಆಮೇಲೆ ಅವನ ಕಾಪಿ ಪುಸ್ತಕ ತೆಗೆದು ನೋಡಿದೆ. ಒಂದೇ ತಪ್ಪು ಒತ್ತಕ್ಷರ ಇಪ್ಪತ್ತು ಸಲವೂ ಅದೇ ತಪ್ಪಾಗಿ, ಮುತ್ತಿನಂಗೆ ಬರೆದಿದ್ದ. ನಾನೇ ಕೆಳಗೆ ಕೆಂಪು ಮಸಿಯಲ್ಲಿ 'ಸರಿ' ಹಾಕಿದ್ದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತು ಸಲ ಬರೆಸೋದು ಬಿಟ್ಟೆ. ಮೂರು ಸಲ ಸಾಕು, ಆದರೆ ಒಂದೊಂದು ಸಲವೂ ಮೂಲದ ಪಕ್ಕ ಇಟ್ಟು ಯಾವುದು ಬೇರೆ ಆಗೈತೆ ಎಂದು ಬಾಯಿಬಿಟ್ಟು ಹೇಳಬೇಕು ಎಂದು ಮಾಡಿದೆ. ಕ್ಯಾಂಪ್‌ಬೆಲ್ಲನ ವರದಿ ಕೈಗೆ ಬಂದ ಮೇಲೆ ಐನೋರಂಗೆ ನಾನೂ ಕಾಗದ ಕೂಡಿಸಲಿಕ್ಕೆ ಹತ್ತಿದೆ. ಆದೋನಿ ಹತ್ತಿ ಮಂಡಿಯ ಚೀಟಿ, ಕಿರಾಣಿ ಅಂಗಡಿ ಬಾಕಿ ಪಟ್ಟಿ, ಮದುವೆಯ ಮುಯ್ಯಿ ಪುಸ್ತಕ, ಯಾರದೋ ಮನೆ ಅಟ್ಟದ ಹಳೇ ಪತ್ರ. ತೆಲುಗಿನವನ್ನೂ ಬಿಡಲಿಲ್ಲ. ಎರಡು ಭಾಷೆಯ ಅಕ್ಷರ ಬಹಳ ಹತ್ತಿರದವು, ಒಂದನ್ನು ಬಲ್ಲವನು ಇನ್ನೊಂದನ್ನು ಬಹುಮಟ್ಟಿಗೆ ಓದಬಲ್ಲ, ಅರ್ಥ ಮಾತ್ರ ಆಗೋದಿಲ್ಲ. ನಮ್ಮ ಗಡಿ ಮಕ್ಕಳಿಗೆ ಅರ್ಥವೂ ಆಗುತ್ತದೆ, ಅದು ನಮ್ಮ ಪುಣ್ಯ. ಶುಕ್ರವಾರ ಕೊನೆಯ ಪಿರಿಯಡ್ಡು ಕಾಗದದ ಪಿರಿಯಡ್ಡು. ಮೊದಮೊದಲು ಒಂದು ಕಾಗದಕ್ಕೆ ಒಂದು ವಾರ ಹಿಡಿಯುತ್ತಿತ್ತು. ಮಕ್ಕಳು ಬೇಸರಪಟ್ಟರು, ಇದು ಪರೀಕ್ಷೆಗೆ ಬರ್ತದಾ ಸಾರ್ ಎಂದು ಕೇಳಿದರು. ಬರೋದಿಲ್ಲ ಎಂದೆ.

ಐದಾರು ವರ್ಷ ಕಳೆದಿರಬೇಕು. ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಮನೆತನದ ಎರಡು ಕಡೆಯವರಿಗೆ ಬಾವಿ ನೀರಿನ ಜಗಳ. ಹದಿನಾರು ದಿನದ ಸರದಿ. ಒಂದು ಕಡೆಯವರಿಗೆ ನಾಲ್ಕು ದಿನ ನೀರು ಬಿಡುತ್ತಿದ್ದರು. ನಮ್ಮ ಮುತ್ತಾತನ ಕಾಲದಲ್ಲಿ ಐದು ದಿನ ಇತ್ತು ಎಂದು ಇವರ ವಾದ. ಮೆಣಸಿನಕಾಯಿ ಗಿಡ ಒಣಗೋ ಕಾಲ, ಒಂದು ದಿನದ ನೀರು ಅಂದರೆ ಸುಮ್ಮನೆ ಅಲ್ಲ. ಕೈ ಕೈ ಮಿಲಾಯಿಸಿದ್ದೂ ಆಗಿತ್ತು. ಕೊನೆಗೆ ಯಾರದೋ ಪೆಟ್ಟಿಗೆಯಲ್ಲಿ ಹಳೇ ಪಾಲುಪತ್ರ ಸಿಕ್ಕಿತು. ಕನ್ನಡದ್ದು, ಬಳ್ಳಾರಿ ಜಿಲ್ಲೆಯ ಕಾಲದ್ದು. ಕಟ್ಟೆ ಮೇಲೆ ಕೂತ ಹಿರಿಯರಲ್ಲಿ ಒಬ್ಬರು ಓದಿ 'ಕಾಲು ವಶ' ಅಂತ ಐತೆ, ಕಾಲು ಪಾಲು ನಿಮ್ಮ ವಶ, ಅಂದರೆ ನಾಲ್ಕು ದಿನವೇ ಸರಿ ಎಂದರು. ನನ್ನನ್ನೂ ಕರೆಸಿದ್ದರು. ನಾನೂ ಕನ್ನಡಕ ಏರಿಸಿ ನೋಡಿ 'ವಶ' ಇರಬಹುದು ಎಂದೆ.

ಆ ಮನೆಯ ಹುಡುಗಿ ಏಳನೇ ಕ್ಲಾಸು, ನನ್ನ ಶುಕ್ರವಾರದ ಪಿರಿಯಡ್ಡಿನಲ್ಲಿ ಪಳಗಿದವಳು. ಅವಳು ಕಾಗದ ಇಸಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗೆ ಕೂತು ಮಣ್ಣಿನ ಮೇಲೆ ಬೆರಳಿಂದ 'ವಶ' ಎಂದು ಬರೆದಳು. ಅದರ ಕೆಳಗೆ ಕಾಗದದಲ್ಲಿ ಇದ್ದಂಗೇ ತಿದ್ದಿದಳು.

"ಸಾರ್, ಇದೇ ಕಾಗದದಾಗೆ ಕೆಳಗೆ 'ಸಹಿ' ಅಂತ ಐತಲ್ಲ, ಆ ಸ ನೋಡ್ರಿ. ಇಲ್ಲಿರೋದೂ ಅದೇ ಸ. ಶ ಅಲ್ಲ. ಮುಂದೆ ವಕ್ಕೆ ಮೇಲೆ ಗುಡಿಸು ಐತೆ, ದೀರ್ಘನೂ ಐತೆ. ವೀಸ. ಕಾಲೂ ವೀಸ."

ವೀಸ ಅಂದರೆ ಏನವ್ವಾ ಎಂದು ಯಾರೋ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಓದಿದ್ದಳು, ಅಷ್ಟೇ. ಮಾತು ತೋಚದೆ ನನ್ನ ಕಡೆ ನೋಡಿದಳು. ನಾನು ಬಾಯಿ ತೆಗೆಯೋದಕ್ಕೆ ಮೊದಲೇ ಕಟ್ಟೆಯ ಮೂಲೆಯಲ್ಲಿ ಗೋಡೆಗೆ ಒರಗಿದ್ದ ಮುದುಕರೊಬ್ಬರು, ಎಂಬತ್ತು ದಾಟಿದವರು, ಕಣ್ಣು ಮುಚ್ಚಿಕೊಂಡೇ ರಾಗವಾಗಿ ಶುರುಮಾಡಿದರು. ವೀಸ ನಾಲ್ಕು ಕಾಲು, ಕಾಲು ನಾಲ್ಕು ಒಂದು. ಅವರು ಐನೋರ ಸಾಲಿಗೆ ಎರಡು ವರ್ಷ ಹೋಗಿದ್ದವರಂತೆ. ಆಮೇಲೆ ಕುರಿ ಕಾಯಲಿಕ್ಕೆ ಬಿಟ್ಟರಂತೆ. ಒಂದು ಅಕ್ಷರವೂ ಈಗ ನೆನಪಿಲ್ಲ, ಸಹಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಮಗ್ಗಿ ಮಾತ್ರ ಹೋಗಿರಲಿಲ್ಲ.

"ಹದಿನಾರಕ್ಕೆ ಒಂದು ವೀಸ ಕಣಮ್ಮಾ. ಕಾಲೂ ವೀಸ ಅಂದರೆ ಹದಿನಾರಕ್ಕೆ ಐದು" ಎಂದರು.

ಎದುರಿನವರು ಮತ್ತೆ ಕಾಗದ ತಗೊಂಡು ನೋಡಿದರು, ಆ ಸ ಈ ಸ ಎರಡನ್ನೂ ನೋಡಿದರು. ಸಂಜೆ ತನಕ ಮಾತಾಯಿತು. ಆ ಸರದಿಯಿಂದಲೇ ಐದು ದಿನ ನೀರು ಬಿಟ್ಟರು.

ಕಾಗದವನ್ನು ಅವರ ಮನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ. ಬಾವಿಯಲ್ಲಿ ಈಗ ನೀರಿಲ್ಲ, ಎಲ್ಲರೂ ಬೋರು ಹಾಕಿಸಿದ್ದಾರೆ. ಆ ಹುಡುಗಿ ಮದುವೆಯಾಗಿ ಬಳ್ಳಾರಿ ಕಡೆ ಇದ್ದಾಳೆ. ಹೋದ ವರ್ಷ ಜಾತ್ರೆಗೆ ಬಂದಾಗ ಅಟ್ಟದ ಮೇಲೆ ಸಿಕ್ಕಿತು ಎಂದು ಅವರ ಅತ್ತೆಮನೆಯ ಎರಡು ಹಳೇ ಕಾಗದ ತಂದುಕೊಟ್ಟಳು. ಒಂದನ್ನು ಓದಿ ಮುಗಿಸಿದ್ದೇನೆ. ಇನ್ನೊಂದರ ಕೈಬರಹ ಬಹಳ ಕೆಟ್ಟದಾಗಿದೆ. ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ, ಬಂದವರು ನೋಡಬಹುದು.